ಮೊಳೆಗೆ ಚುಚ್ಚಿದ ಪ್ಯಾರಾ

ಸತ್ತವರು ಫೋನ್ ಮಾಡುವುದಿಲ್ಲ ಎಂಬುದು ಕತ್ತರಿ ಅಕ್ಕನಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೂ ಮಧ್ಯಾಹ್ನ ಮೂರೂ ಐವತ್ತಕ್ಕೆ ಮೇಜಿನ ಮೇಲಿನ ಹಳೆಯ ಫೋನು ಬಾಯಿಬಿಟ್ಟರೆ ಸಾಕು, ಅವಳ ಎದೆ ಧಸಕ್ಕೆನ್ನುತ್ತಿತ್ತು. ನಲವತ್ತು ದಿನಗಳಿಂದ ಇದೇ ಕಥೆ. ಎತ್ತಿದರೆ ಆ ಕಡೆ ಮಾತಿಲ್ಲ, ಕತೆಯಿಲ್ಲ. ಗುಂಯ್ ಎನ್ನುವ ಒಂದು ಸದ್ದು ಮಾತ್ರ, ಎಲ್ಲೋ ಲಿಫ್ಟು ಮೇಲೇರುತ್ತಿರುವ ಹಾಗೆ. "ಯಾರು?" ಎಂದು ಒಂದೇ ಒಂದು ಸಲ ಕೇಳಿ, ಉತ್ತರ ಬಂದುಬಿಟ್ಟೀತೆಂಬ ಭಯಕ್ಕೆ ಅವಳು ಇಟ್ಟುಬಿಡುತ್ತಿದ್ದಳು.

ಫೋನು ರಿಪೇರಿಯವನನ್ನು ಕರೆಸಿದ್ದೂ ಆಯಿತು. ಅವನು ವೈರು ಎಳೆದು, ಊದಿ, ಒರೆಸಿ ನೋಡಿದ. "ಲೈನ್ ಚೆನ್ನಾಗಿಯೇ ಇದೆ ಮೇಡಂ. ಆದ್ರೆ ನೀವು ಹೇಳೋ ಟೈಮಿಗೆ ಇದಕ್ಕೆ ಕಾಲ್ ಬಂದಿರೋ ದಾಖಲೇನೇ ಇಲ್ಲ. ನಿದ್ದೆಗಣ್ಣಲ್ಲಿ ಕೇಳಿಸ್ಕೊಂಡ್ರೇನೋ," ಎಂದು ಹಲ್ಲು ಕಿರಿದ. ಹಾಡಹಗಲು, ಇಪ್ಪತ್ತು ಜನ ಕೂತು ಕೀಲಿಮಣೆ ಕುಟ್ಟುವ ಸುದ್ದಿಮನೆಯಲ್ಲಿ ಎಂಥ ನಿದ್ದೆಗಣ್ಣು!

ಕತ್ತರಿ ಅಕ್ಕ ಎಂದರೆ ಯಾರು ಎಂಬುದನ್ನು ಮೊದಲು ಹೇಳಿಬಿಡಬೇಕು. ಪತ್ರಿಕೆಯಲ್ಲಿ ನಗರದ ಸುದ್ದಿಗಳ ಪುಟ ಅವಳ ಕೈಯದು. ವರದಿಗಾರರು ಬರೆದುಕೊಟ್ಟದ್ದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟದಲ್ಲಿ ಇರುವ ಜಾಗಕ್ಕೆ ಸರಿಯಾಗಿ ಕೂರಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ನಲವತ್ತು ಸಾಲಿನ ಸುದ್ದಿಯನ್ನು ಹನ್ನೆರಡು ಸಾಲಿಗೆ ಇಳಿಸಿದರೂ ಗಾಯದ ಗುರುತೇ ಕಾಣಬಾರದು, ಹಾಗೆ ಕತ್ತರಿಸುವುದರಲ್ಲಿ ಅವಳದು ಎತ್ತಿದ ಕೈ. ಯಾರೋ ಒಬ್ಬರು ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ಈಗ ಕ್ಯಾಂಟೀನಿನವನು ಕೂಡ "ಕತ್ತರಿ ಅಕ್ಕಂಗೆ ಒಂದು ಕಾಫಿ" ಎಂದೇ ಕೂಗುತ್ತಿದ್ದ.

ಈ ಕತ್ತರಿಸುವ ಕೆಲಸಕ್ಕೂ ಒಂದು ಕ್ರಮವಿದೆ. ಪತ್ರಿಕೆಯವರು ಸುದ್ದಿಯನ್ನು ಬಾಲದಿಂದ ಕತ್ತರಿಸುತ್ತಾರೆ. ಮುಖ್ಯವಾದದ್ದು ಮೇಲೆ, ಇದ್ದರೂ ನಡೆಯುತ್ತದೆ ಇಲ್ಲದಿದ್ದರೂ ನಡೆಯುತ್ತದೆ ಎಂಬಂಥದ್ದು ಕೆಳಗೆ. ಜಾಗ ಸಾಲದಿದ್ದರೆ ಕೆಳಗಿನ ಪ್ಯಾರಾ ಹಾರುತ್ತದೆ, ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಜಾಗವಂತೂ ಯಾವತ್ತೂ ಸಾಲುವುದಿಲ್ಲ. ಹಾಗಾಗಿ ಯಾರ ಮಾತು ಜನರ ಕಿವಿಗೆ ಬೀಳಬಾರದೋ ಅವರನ್ನು ಮರ್ಯಾದೆಯಿಂದ ಕರೆದು ಕೊನೆಯ ಪ್ಯಾರಾದಲ್ಲಿ ಕೂರಿಸಿದರಾಯಿತು. ಒಂದೇ ಒಂದು ಸುಳ್ಳು ಬರೆಯಬೇಕಾಗಿಲ್ಲ ನೋಡಿ! ಈಗಿನ ಸಂಪಾದಕರು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದುದೂ ಇದನ್ನೇ. "ಎರಡೂ ಕಡೆಯವರನ್ನ ಕೇಳಿ. ಕೇಳದೆ ಒಂದಕ್ಷರ ಬರೀಬೇಡಿ. ಯಾರನ್ನ ಎಲ್ಲಿ ಕೂರಿಸ್ಬೇಕು ಅನ್ನೋದನ್ನ ಮಾತ್ರ ನಂಗೆ ಬಿಡಿ."

ಅವರದು ಇನ್ನೊಂದು ಕಟ್ಟಪ್ಪಣೆಯಿತ್ತು. ಕತ್ತರಿಸಿದ ಪ್ಯಾರಾವನ್ನು ಅಚ್ಚು ತೆಗೆದು ಮೇಜಿನ ಮೇಲಿನ ಮೊಳೆಗೆ ಚುಚ್ಚಿಡಬೇಕು. ಮರದ ತುಂಡಿಗೆ ನೆಟ್ಟ, ಗೇಣುದ್ದದ ಕಬ್ಬಿಣದ ಮೊಳೆ ಅದು, ಕಂಪ್ಯೂಟರು ಇಲ್ಲದ ಕಾಲದ್ದು. ನಾಳೆ ಯಾರಾದರೂ ಕೋರ್ಟಿಗೆ ಹೋದರೆ "ನೋಡಿ ಸ್ವಾಮಿ, ಅವರನ್ನೂ ಕೇಳಿದ್ದೆವು" ಎಂದು ತೋರಿಸಲು ಸಾಕ್ಷಿ ಬೇಕಲ್ಲ. ಅದಕ್ಕೆ. ಕತ್ತರಿ ಅಕ್ಕನ ಮೊಳೆಯಲ್ಲಿ ವರ್ಷಗಟ್ಟಲೆಯ ಚೀಟಿಗಳು ಒಂದರ ಮೇಲೊಂದು ಕೂತು ಹಳದಿಗಟ್ಟಿದ್ದವು.

ಅವಳೇನು ಕಲ್ಲೆದೆಯವಳಲ್ಲ. ಹಾಗೆಂದುಕೊಂಡರೆ ಅನ್ಯಾಯ. ಅವಳು ಈ ಕೆಲಸಕ್ಕೆ ಸೇರಿದ್ದೇ ಎದೆಯೊಳಗಿನ ಒಂದು ಕಿಚ್ಚಿನಿಂದ. ಅಪ್ಪ ತೀರಿಹೋದ ಮೇಲೆ ಅವಳನ್ನು ಸಾಕಿ ಓದಿಸಿದವನು ಅಣ್ಣ. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅವನದೊಂದು ಐಸ್ ಫ್ಯಾಕ್ಟರಿ ಇತ್ತು. ಒಂದು ದಿನ ಸರ್ಕಾರದ ಇನ್ಸ್‌ಪೆಕ್ಟರೊಬ್ಬ ಬಂದು, ಯಾವುದೋ ಮೊಹರು ಬಿದ್ದಿಲ್ಲವೆಂದು ಬಾಗಿಲಿಗೆ ಬೀಗ ಜಡಿದ. ಕೊಳವೆ ಸರಿಯಿತ್ತು, ಯಂತ್ರ ಸರಿಯಿತ್ತು, ಇನ್ಸ್‌ಪೆಕ್ಟರನ ಕೈ ಬಿಸಿಯಾಗಿರಲಿಲ್ಲ, ಅಷ್ಟೇ ಕೊರತೆ. ಆಗ ಇದೇ ಪತ್ರಿಕೆಗೆ ಬೇರೆ ಸಂಪಾದಕರಿದ್ದರು. ಅವರಿಗೆ ಸರ್ಕಾರ ಮಾಡಿದ್ದೆಲ್ಲ ಸರಿ, ವ್ಯಾಪಾರ ಮಾಡುವವರೆಲ್ಲ ಕಳ್ಳರು. 'ಜನರ ಜೀವದ ಜೊತೆ ಆಟ' ಎಂದು ದಪ್ಪಕ್ಷರದಲ್ಲಿ ಬಂತು. ವರದಿಗಾರ ಅಣ್ಣನ ಹತ್ತಿರ ಅರ್ಧ ಗಂಟೆ ಕೂತು ಎಲ್ಲ ಬರೆದುಕೊಂಡು ಹೋಗಿದ್ದ. ಮರುದಿನ ಅಣ್ಣ ಮೆಟ್ಟಿಲ ಮೇಲೆ ಕೂತು ಪೇಪರನ್ನು ಮೂರು ಸಲ ಹಿಂದೆ ಮುಂದೆ ತಿರುವಿ ಹಾಕಿದ. ಆಮೇಲೆ ಕೇಳಿದ. "ನಾನು ಹೇಳಿದ್ದು ಬಂದಿಲ್ಲ ಅಲ್ವಾ ಪುಟ್ಟಿ?"

ಮೂರು ತಿಂಗಳು ಬೀಗ ತೆಗೆಯಲಿಲ್ಲ. ಗಿರಾಕಿಗಳು ಬೇರೆ ಕಡೆ ಹೋದರು. ಫ್ಯಾಕ್ಟರಿ ಮತ್ತೆ ಏಳಲೇ ಇಲ್ಲ. ಅಣ್ಣ ಆ ಜಾಗದ ಮೇಲೆ ನಾಲ್ಕು ಮಹಡಿ ಎತ್ತಿ, ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟು ಹೇಗೋ ಬದುಕು ನಡೆಸಿದ. ಪುಟ್ಟಿ ಮಾತ್ರ ಆ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ಬಂದು ಅದೇ ಪತ್ರಿಕೆಗೆ ಸೇರಿದಳು. ಮುಂದೆ ಮಾಲೀಕರು ಬದಲಾದರು, ಸಂಪಾದಕರು ಬದಲಾದರು, ಗಾಳಿಯೂ ತಿರುಗಿತು. ಈಗ ವ್ಯಾಪಾರಿಗಳೆಲ್ಲ ದೇವರು, ಇನ್ಸ್‌ಪೆಕ್ಟರುಗಳೆಲ್ಲ ದೆವ್ವ. ಮೇಲಿನ ಪ್ಯಾರಾದವರು ಕೆಳಗೆ ಬಂದರು, ಕೆಳಗಿನವರು ಮೇಲೆ ಹೋದರು. ಕತ್ತರಿ ಅಕ್ಕನಿಗೆ ಅದು ಪಕ್ಷಪಾತ ಎನ್ನಿಸಲೇ ಇಲ್ಲ. ನ್ಯಾಯ ಎನ್ನಿಸಿತು. ಅಣ್ಣನ ಋಣ ತೀರಿಸುತ್ತಿದ್ದೇನೆ ಎಂದುಕೊಂಡು ಖುಷಿಯಿಂದ ಕತ್ತರಿಸಿದಳು.

ಹೋದ ವರ್ಷ ಲಿಫ್ಟುಗಳ ವಿಷಯ ಬಂತು. ಇನ್ನು ಮೇಲೆ ಸರ್ಕಾರದವರು ವರ್ಷಕ್ಕೊಮ್ಮೆ ಬಂದು ಪರೀಕ್ಷೆ ಮಾಡುವುದು ಬೇಡ, ಕಟ್ಟಡದ ಮಾಲೀಕರೇ 'ಸರಿಯಾಗಿದೆ' ಎಂದು ಸಹಿ ಹಾಕಿದರೆ ಸಾಕು ಎಂಬ ಹೊಸ ನಿಯಮ. ಪತ್ರಿಕೆ 'ಉಸಿರಾಡಲು ಬಿಡಿ' ಎಂಬ ಹೆಸರಿನಲ್ಲಿ ಹನ್ನೊಂದು ವರದಿ ಹಾಕಿತು. ಆ ಹೆಸರನ್ನು ಕೊಟ್ಟವಳೂ ಅವಳೇ. ಹನ್ನೊಂದರಲ್ಲೂ ಕೊನೆಯ ಪ್ಯಾರಾ ಒಬ್ಬನೇ ಮನುಷ್ಯನದು. ಸರ್ಕಾರದ ಲಿಫ್ಟ್ ಇನ್ಸ್‌ಪೆಕ್ಟರು. ಹನ್ನೊಂದರಲ್ಲೂ ಅದು ಹಾರಿಹೋಯಿತು.

ಆ ಮನುಷ್ಯ ಪ್ರತಿಸಲವೂ ಮರುದಿನ ಮೂರೂ ಐವತ್ತಕ್ಕೆ, ತನ್ನ ಕಚೇರಿಯ ಟೀ ಹೊತ್ತಿಗೆ, ಫೋನ್ ಮಾಡುತ್ತಿದ್ದ.

"ಅಮ್ಮಾ, ಮೂರೇ ನಿಮಿಷ ತೊಗೋತೀನಿ. ಇವತ್ತಿನ ಪೇಪರ್ ಎರಡು ಸಲ ನೋಡ್ದೆ. ನಂದು ಬಂದಿಲ್ಲ ಅಲ್ವಾ? ನನ್ನ ಕಣ್ಣಿಗೇ ಬೀಳ್ಲಿಲ್ವೋ ಏನೋ."

"ಜಾಗ ಸಾಲಲಿಲ್ಲ ಸರ್."

"ಪರವಾಗಿಲ್ಲಮ್ಮ. ಮುಂದಿನ ಸಲ ನೋಡಿ."

ಒಂದು ದಿನವೂ ದನಿ ಏರಿಸಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ತಿರುಗಿಸಿ ಬೈದು ಮರೆತುಬಿಡಬಹುದಿತ್ತು. ಹನ್ನೊಂದನೆಯ ಸಲ ಅವಳೇ ತಡೆಯಲಾರದೆ ರೇಗಿದಳು. "ನಿಮ್ಮಂಥೋರಿಂದ ಎಷ್ಟು ಮನೆ ಹಾಳಾಗಿದೆ ಗೊತ್ತಾ ಸರ್ ನಿಮ್ಗೆ?" ಆ ಕಡೆಯ ದನಿ ಆಗಲೂ ಏರಲಿಲ್ಲ. "ಗೊತ್ತಮ್ಮ. ನಮ್ಮಲ್ಲೂ ಅಂಥೋರಿದ್ದಾರೆ. ಅದನ್ನೂ ಬರೀರಿ, ಬಿಡ್ಬೇಡಿ. ಆದ್ರೆ ಬ್ರೇಕಿನ ವಿಷಯಾನೂ ಒಂದು ಸಲ ಬರೀರಿ." ಅದಾಗಿ ಎರಡು ವಾರಕ್ಕೆ ಅವನು ಮಲಗಿದವನು ಏಳಲಿಲ್ಲ. ನಾಲ್ಕು ಸಾಲಿನ ನಿಧನ ಸುದ್ದಿ ಬಂತು. ಅದರಲ್ಲೂ ಕೊನೆಯ ಸಾಲು ಬಿದ್ದುಹೋಗಿತ್ತು. ಅದರ ಮರುದಿನದಿಂದಲೇ ಮೂರೂ ಐವತ್ತರ ಆ ಗುಂಯ್ ಸದ್ದು ಶುರುವಾದದ್ದು.

ಈಗ ನಡೆದದ್ದಕ್ಕೆ ಬರೋಣ.

ಬುಧವಾರ ಬೆಳಗ್ಗೆ ಏಳಕ್ಕೆ ಅಣ್ಣ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಹಿಂದಿನ ಸಂಜೆ ಅವನ ಕಟ್ಟಡದ ಲಿಫ್ಟು ಬ್ರೇಕು ಹಿಡಿಯದೆ ಮೂರನೆಯ ಮಹಡಿಯಿಂದ ಕುಸಿದು ಕೆಳಗೆ ಬಡಿದಿತ್ತು. ಒಳಗಿದ್ದವನು ದರ್ಜಿ. ಮೂರನೆಯ ಮಹಡಿಯಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವನು, ಅಣ್ಣನ ಜೊತೆ ದಿನಾ ಟೀ ಕುಡಿಯುತ್ತಿದ್ದವನು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

"ನಾನು ನಿನ್ನೆ ಬೆಳಗ್ಗೆ ಎರಡು ಸಲ ಅದರಲ್ಲೇ ಹತ್ತಿ ಇಳಿದಿದ್ದೆ ಪುಟ್ಟಿ," ಎಂದ ಅಣ್ಣ. "ಗೊತ್ತಿದ್ರೆ ನಾನ್ಯಾಕೆ ಹತ್ತುತ್ತಿದ್ದೆ ಹೇಳು? ಮೆಕ್ಯಾನಿಕ್ಕು ಸರಿ ಇದೆ ಅಂದ. ಸಹಿ ಹಾಕಿದ್ರೆ ಸಾಕು ಅಂತ ನಿಮ್ಮ ಪೇಪರಲ್ಲೂ ಬಂದಿತ್ತು. ಹಾಕ್ದೆ. ಮೇಲೆ ಹತ್ತಿ ಒಂದು ಸಲ ನೋಡ್ಬಹುದಿತ್ತು. ನೋಡ್ಲಿಲ್ಲ."

ಅವನು ಯಾರನ್ನೂ ದೂರುತ್ತಿರಲಿಲ್ಲ. ಅವಳಿಗೆ ಮಾತ್ರ ಒಳಗೆ ಬೆಂಕಿ ಬಿದ್ದಂತಾಯಿತು.

ಅಣ್ಣ ಬಂದದ್ದು ತನ್ನನ್ನು ಉಳಿಸು ಎಂದು ಕೇಳುವುದಕ್ಕಲ್ಲ. ಪೊಲೀಸರು ಬರುತ್ತಾರೆ, ಕೇಸಾಗುತ್ತದೆ, ಅದಕ್ಕೆಲ್ಲ ಅವನು ತಯಾರಿದ್ದ. ಅವನ ಸಂಕಟ ಬೇರೆ. ದರ್ಜಿಯ ಹೆಂಡತಿ, ಬ್ರೇಕು ಸವೆದಿದೆ ಎಂದು ಗೊತ್ತಿದ್ದೂ ಇವನು ಲಿಫ್ಟು ಓಡಿಸಿದ ಎಂದು ನಂಬಿದ್ದಳು. ಅವಳ ಕಾಲು ಹಿಡಿದು ಕ್ಷಮೆ ಕೇಳಬೇಕೆಂದು ಇವನು ಹೋದರೆ ನೆಂಟರು ಬಾಗಿಲಲ್ಲೇ ತಳ್ಳಿದರು. ವಕೀಲರು ಇನ್ನು ಆ ಕಡೆ ತಲೆಹಾಕಬೇಡಿ ಎಂದರು.

"ಅವಳು ನಿಮ್ಮ ಪೇಪರೇ ಓದೋದು. ಅಳತೆಗೆ ಕಾಗದ ಕತ್ತರಿಸೋಕೆ ಅಂತ ಅವನು ದಿನಾ ತರಿಸ್ತಿದ್ದನಲ್ಲ. ನಿಮ್ಮ ವರದಿಗಾರ್ತಿ ಸಿಕ್ಕಿದ್ಲು, ಅವಳ ಹತ್ರ ಎಲ್ಲ ಹೇಳಿದೀನಿ. ನಾನೂ ಹತ್ತಿದ್ದೆ ಅಂತ, ತಪ್ಪಾಯ್ತು ಅಂತ. ಅದೊಂದು ಅವಳ ಕಣ್ಣಿಗೆ ಬಿದ್ರೆ ಸಾಕು. ಬರುತ್ತೆ ಅಲ್ವಾ?"

"ಬರುತ್ತೆ ಅಣ್ಣ. ನಾನಿದ್ದೀನಲ್ಲ," ಎಂದಳು. ಗುಂಡಿ ಬಿಚ್ಚಿ ಸರಿಯಾಗಿ ಹಾಕಿ ಕಳಿಸಿದಳು.

ಸುದ್ದಿಮನೆಯಲ್ಲಿ ಒಂದು ಪದ್ಧತಿಯಿದೆ. ಸುದ್ದಿ ನಿಮ್ಮ ಮನೆಯವರದಾದರೆ ಪುಟ ಬಿಟ್ಟು ಏಳಬೇಕು, ಬೇರೆಯವರು ನೋಡಿಕೊಳ್ಳುತ್ತಾರೆ. ಕತ್ತರಿ ಅಕ್ಕ ಏಳಲಿಲ್ಲ. ಕಟ್ಟಡದ ಮಾಲೀಕ ತನ್ನ ಒಡಹುಟ್ಟಿದವನೆಂದು ಯಾರಿಗೂ ಬಾಯಿಬಿಡಲಿಲ್ಲ. ಪುಟ ತನ್ನ ಕೈಯಲ್ಲಿದ್ದರೆ ಅಣ್ಣನ ಮಾತಿಗೆ ಕಾವಲಿದ್ದ ಹಾಗೆ ಎಂಬುದು ಅವಳ ಲೆಕ್ಕಾಚಾರ. ತಪ್ಪು ನಡೆದದ್ದು ಅಲ್ಲೇ.

ಮೂರು ಗಂಟೆಗೆ ಸಂಪಾದಕರು ಅವಳ ಮೇಜಿನ ಹತ್ತಿರ ಬಂದರು. "ತಲೆಬರಹ 'ಮಾಲೀಕನ ನಿರ್ಲಕ್ಷ್ಯಕ್ಕೆ ದರ್ಜಿ ಬಲಿ'. ಲಿಫ್ಟ್ ಕಂಪನಿಗಳ ಸಂಘದವರು ಒಂದು ಹೇಳಿಕೆ ಕೊಟ್ಟಿದ್ದಾರೆ, ನಿಯಮದಲ್ಲಿ ತಪ್ಪಿಲ್ಲ, ಸಹಿ ಹಾಕಿದೋನದ್ದು ತಪ್ಪು ಅಂತ. ಅದು ಎರಡನೇ ಪ್ಯಾರಾ. ಮಂತ್ರಿಗಳ ಸಂತಾಪ ಮೂರನೇದು. ಈ ಎರಡನ್ನ ಮುಟ್ಟಬೇಡಿ." ಮಂತ್ರಿಗಳು ಎರಡು ವಾರದಲ್ಲಿ ಪತ್ರಿಕೆಯ ಸಮಾರಂಭಕ್ಕೆ ಬರುವವರಿದ್ದರು. ಅವರ ಸಂತಾಪವನ್ನು ಮುಟ್ಟಿದವರ ಕೆಲಸಕ್ಕೇ ಸಂತಾಪ ಸೂಚಿಸಬೇಕಾಗುತ್ತಿತ್ತು.

ವರದಿಗಾರ್ತಿ ಹೊಸಬಳು, ಇನ್ನೂ ಪತ್ರಿಕೆಯ ಗಾಳಿ ತಾಗಿರಲಿಲ್ಲ. ಹಳೆಯ ಕಡತಗಳನ್ನೆಲ್ಲ ಕೆದಕಿ ಬಂದಿದ್ದಳು. ಸುದ್ದಿಯ ಕೊನೆಗೆ ಎರಡು ಪ್ಯಾರಾ ಇತ್ತು. ಒಂದು ತೀರಿಹೋದ ಇನ್ಸ್‌ಪೆಕ್ಟರನದು. ಅದರ ಕೆಳಗೆ, ಕಟ್ಟಕೊನೆಗೆ, ಅಣ್ಣನದು.

"ಅಕ್ಕ, ಈ ಇನ್ಸ್‌ಪೆಕ್ಟರು ಹನ್ನೊಂದು ಸಲ ಒಂದೇ ಮಾತು ಹೇಳಿದ್ದಾರೆ. ನಾವು ಒಂದು ಸಲಾನೂ ಹಾಕಿಲ್ಲ. ಯಾಕೆ?"

"ಜಾಗ ಸಾಲಲಿಲ್ಲ."

"ಹನ್ನೊಂದು ಸಲಾನೂ?"

ಕತ್ತರಿ ಅಕ್ಕ ಕನ್ನಡಕ ಒರೆಸಿಕೊಂಡಳು. ಆ ಹುಡುಗಿ ಇನ್ನೂ ನಿಂತೇ ಇದ್ದಳು. ಆಮೇಲೆ ಹೋದಳು.

ಪುಟ ಮುಗಿಸುವ ಹೊತ್ತು ನಾಲ್ಕು ಗಂಟೆ. ಮೂರೂ ನಲವತ್ತೆಂಟಕ್ಕೆ ಪುಟ ಜೋಡಿಸುವವನು ಆ ಕಡೆಯಿಂದ ಕೂಗಿದ. "ಅಕ್ಕಾ, ಲಿಫ್ಟ್ ಸುದ್ದಿ ಹನ್ನೆರಡು ಸಾಲು ಜಾಸ್ತಿ!" ಅವಳು ಎಣಿಸಿದಳು. ಇನ್ಸ್‌ಪೆಕ್ಟರನದು ಆರು ಸಾಲು. ಅಣ್ಣನದು ಆರು ಸಾಲು. ಬಾಲ ಕತ್ತರಿಸಿದರೆ ಸರಿಯಾಗಿ ಕೂರುತ್ತಿತ್ತು, ಯಾರೋ ಅಳತೆ ತೆಗೆದು ಬರೆದ ಹಾಗೆ.

ಇನ್ಸ್‌ಪೆಕ್ಟರನ ಮಾತನ್ನು ಅವಳು ಆವತ್ತೇ ಮೊದಲು ಪೂರ್ತಿ ಓದಿದ್ದು. ಹೌದು ಸ್ವಾಮಿ, ಹನ್ನೊಂದು ಸಲ ಕತ್ತರಿಸಿದವಳು ಒಂದು ಸಲವೂ ಓದಿರಲಿಲ್ಲ. ಕೊನೆಯ ಪ್ಯಾರಾ ಓದುವುದಕ್ಕಲ್ಲ, ಎಣಿಸುವುದಕ್ಕೆ. ಅದರಲ್ಲಿ ಇದ್ದದ್ದು ಇಷ್ಟು: 'ಮಾಲೀಕರು ಸಹಿ ಹಾಕಲಿ, ನನ್ನ ತಕರಾರಿಲ್ಲ. ಆದರೆ ಹಾಕುವ ಮೊದಲು ಯಾರಾದರೂ ಒಬ್ಬರು ಮೇಲಿನ ಯಂತ್ರದ ಕೋಣೆಗೆ ಹತ್ತಿ ಬ್ರೇಕನ್ನು ಕಣ್ಣಾರೆ ನೋಡಲಿ. ನಾನೇ ಆಗಬೇಕೆಂದಿಲ್ಲ. ಕಾಗದ ನೋಡಿದರೆ ಬ್ರೇಕು ಕಾಣುವುದಿಲ್ಲ.' ಇಷ್ಟೇ. ಇದನ್ನು ಅಣ್ಣ ಓದಿದ್ದರೆ ಹತ್ತಿ ನೋಡುತ್ತಿದ್ದ. ಅವಳಿಗೆ ಅಣ್ಣ ಗೊತ್ತಿರಲಿಲ್ಲವೇ? ಪೇಪರಿನಲ್ಲಿ ಬಂದದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ ಅವನು.

ಫೋನ್ ಬಂತು. ಮೂರೂ ಐವತ್ತು.

ಎತ್ತಿದಳು. ಗುಂಯ್. ಈ ಸಲ ಇಡಲಿಲ್ಲ. ಕಿವಿಗೆ ಒತ್ತಿ ಹಿಡಿದಳು. ಸದ್ದು ಮೇಲೇರುತ್ತ ಏರುತ್ತ ಹೋಗಿ ಗಡಕ್ಕೆಂದು ನಿಂತಿತು, ಲಿಫ್ಟು ಮಹಡಿ ತಲುಪಿದಾಗ ನಿಲ್ಲುವ ಹಾಗೆ. ಆಮೇಲೆ ಯಾರೋ ಬಾಗಿಲು ತೆರೆಯಲೆಂದು ಒಳಗೆ ಕಾಯುತ್ತ ನಿಂತಿರುವಂಥ ಮೌನ. ಪಕ್ಕದ ಮೇಜಿನವನು ಎಂದಿನಂತೆ ಕ್ರಿಕೆಟ್ಟಿನ ಸುದ್ದಿ ಬರೆಯುತ್ತಿದ್ದ.

ಫೋನಿಟ್ಟು ಅವಳು ಇನ್ಸ್‌ಪೆಕ್ಟರನ ಆರು ಸಾಲನ್ನು ಎತ್ತಿ ಎರಡನೆಯ ಪ್ಯಾರಾಕ್ಕೆ ತಂದು ಕೂರಿಸಿದಳು. ಅಲ್ಲಿದ್ದ ಸಂಘದವರ ಹೇಳಿಕೆಯನ್ನು ಕಿತ್ತು ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ಸಂಪಾದಕರ ಮಾತನ್ನು ಅವಳು ಮೀರಿದ್ದು ಅದೇ ಮೊದಲು. ಎದೆ ಹಗುರವಾಗಿತ್ತು.

"ಅಕ್ಕಾ, ಇನ್ನೂ ಆರು ಸಾಲು ಜಾಸ್ತಿ! ಮೂರೂ ಐವತ್ತೆಂಟು!"

ಉಳಿದದ್ದು ಎರಡೇ. ಮಂತ್ರಿಗಳ ಸಂತಾಪ, ಅಣ್ಣನ ಕ್ಷಮೆ. ಮಂತ್ರಿಗಳದನ್ನೂ ಕೀಳುವುದಕ್ಕೆ ಅವಳಲ್ಲಿ ಇನ್ನೊಂದು ಧೈರ್ಯ ಉಳಿದಿರಲಿಲ್ಲ. ಇದ್ದ ಒಂದನ್ನು ಸತ್ತವನಿಗೆ ಖರ್ಚು ಮಾಡಿಬಿಟ್ಟಿದ್ದಳು. ಜೊತೆಗೆ ಮನಸ್ಸು ಒಂದು ನೆಪವನ್ನೂ ಹುಡುಕಿಕೊಟ್ಟಿತು. ನಾಳೆ ಅಣ್ಣ ಯಾರೆಂದು ಗೊತ್ತಾಗದೆ ಇರುತ್ತದೆಯೇ? 'ತನ್ನ ಅಣ್ಣನ ಮಾತನ್ನು ಉಳಿಸಿಕೊಂಡಳು, ಪಕ್ಷಪಾತ ಮಾಡಿದಳು' ಎಂದು ಈ ಇಪ್ಪತ್ತು ಜನ ಬೆರಳು ತೋರಿಸಿದರೆ? ಎಲ್ಲರಿಗೂ ಒಂದೇ ನಿಯಮ. ಬಾಲದಿಂದಲೇ ಕತ್ತರಿಸಬೇಕು. ಪಕ್ಷಪಾತ ಮಾಡಬಾರದು!

ಕೈ ತನ್ನಷ್ಟಕ್ಕೆ ತನ್ನ ಕೆಲಸ ಮಾಡಿತು. ಪುಟ ಹೋಯಿತು. ಅವಳು ಅಣ್ಣನ ಪ್ಯಾರಾವನ್ನು ಅಚ್ಚು ತೆಗೆದು ಮೊಳೆಗೆ ಚುಚ್ಚಿದಳು.

ಮರುದಿನ ಬೆಳಗ್ಗೆ ಏಳೂವರೆಗೆ ಅಣ್ಣನ ಫೋನ್.

"ಪುಟ್ಟಿ, ಪೇಪರ್ ನೋಡ್ದೆ. ನಾನು ಹೇಳಿದ್ದು ಬಂದಿಲ್ಲ ಅಲ್ವಾ?"

ಅವಳು ಬಾಯಿ ತೆರೆದಳು. ನೂರು ಮಾತು ಹೇಳಬೇಕೆಂದುಕೊಂಡಿದ್ದವಳ ಬಾಯಿಂದ ಬಂದದ್ದು ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದ ಅದೇ ಮಾತು. "ಜಾಗ ಸಾಲಲಿಲ್ಲ ಅಣ್ಣ."

"ಪರವಾಗಿಲ್ಲ ಬಿಡು. ಆ ಇನ್ಸ್‌ಪೆಕ್ಟರು ಹೇಳಿದ್ದು ಸರಿಯಾಗಿದೆ. ಮೇಲಕ್ಕೆ ಹತ್ತಿ ನೋಡ್ಬೇಕಿತ್ತು. ಅದನ್ನ ಓದಿ ಎಲ್ಲರೂ ನನಗೇ ಉಗೀತಿದ್ದಾರೆ, ಉಗೀಲಿ." ಅಣ್ಣ ಮೂಗೆಳೆದುಕೊಂಡ. "ಆವತ್ತು ಫ್ಯಾಕ್ಟರಿ ಮುಚ್ಚಿದಾಗಲೂ ಬಂದಿರ್ಲಿಲ್ಲ. ಆವಾಗ ನೀನು ಅಲ್ಲಿರ್ಲಿಲ್ಲ, ಅಷ್ಟೆ. ಸರಿ ಇಡ್ತೀನಿ, ಪೊಲೀಸ್ನೋರು ಬಂದಿದ್ದಾರೆ."

ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಕಚೇರಿಗೆ ಹೋಗಿ ಮೊಳೆಯಿಂದ ಆ ಚೀಟಿಯನ್ನು ಬಿಡಿಸಿಕೊಂಡು ನೇರ ದರ್ಜಿಯ ಮನೆಗೆ ನಡೆದಳು. ಪೇಪರಿನಲ್ಲಿ ಬರದಿದ್ದರೇನು, ತಾನೇ ಓದಿ ಹೇಳಿದರಾಯಿತು.

ಕಟ್ಟಡದ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆ. ಗೋಡೆಯ ತುಂಬ ಮೊಳೆ ಹೊಡೆದು ಅಳತೆ ಕಾಗದಗಳನ್ನು ನೇತುಹಾಕಿದ್ದರು. ಹಳೆಯ ಪೇಪರನ್ನು ಕತ್ತರಿಸಿ ಮಾಡಿದ ತೋಳು, ಬೆನ್ನು, ಕಾಲರು. ಎಲ್ಲ ಅವಳದೇ ಪುಟಗಳು. ಒಂದು ಕಾಲರಿನ ಮೇಲೆ 'ಉಸಿರಾಡಲು ಬಿಡಿ' ಎಂಬ ದಪ್ಪಕ್ಷರ ಬಾಗಿ ಕೂತಿತ್ತು. ಗಾಳಿಗೆ ಆ ತೋಳುಗಳೂ ಬೆನ್ನುಗಳೂ ಮೆಲ್ಲಗೆ ಅಲುಗುತ್ತಿದ್ದವು. ಅವಳಿಗೆ ಅಲ್ಲಿಂದ ಓಡಿಹೋಗೋಣವೆನ್ನಿಸಿತು.

ದರ್ಜಿಯ ಹೆಂಡತಿ ಚಾಪೆಯ ಮೇಲೆ ಕೂತಿದ್ದಳು. ಮುಂದೆ ಆವತ್ತಿನ ಪೇಪರು. "ನಾನು ಪತ್ರಿಕೆಯಿಂದ ಬಂದಿದೀನಮ್ಮ," ಎಂದು ಶುರುಮಾಡಿ ಕತ್ತರಿ ಅಕ್ಕ ಚೀಟಿಯನ್ನು ಓದಿದಳು. ನಡುವೆ ತೂತು ಬಿದ್ದಿದ್ದ ಕಡೆ ಒಂದು ಶಬ್ದ ಹೋಗಿತ್ತು, ಅದನ್ನು ನೆನಪಿನಿಂದ ಹೇಳಿದಳು. 'ಆ ದಿನ ಬೆಳಗ್ಗೆ ನಾನೂ ಎರಡು ಬಾರಿ ಅದೇ ಲಿಫ್ಟಿನಲ್ಲಿ ಹೋಗಿ ಬಂದಿದ್ದೆ. ಹಾಳಾಗಿದೆಯೆಂದು ಗೊತ್ತಿರಲಿಲ್ಲ. ಆದರೆ ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ಆತ ನನ್ನ ಸ್ನೇಹಿತ. ಆ ತಾಯಿ ನನ್ನನ್ನು ಕ್ಷಮಿಸಲಿ ಎಂದು ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತೇನೆ.'

ಆ ಹೆಂಗಸು ಪೇಪರನ್ನು ಎತ್ತಿಕೊಂಡು ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದಳು. "ಇಲ್ಲಿ ಇಲ್ವಲ್ಲ ಇದು."

"ಇಲ್ಲಮ್ಮ. ಬಿಟ್ಟುಹೋಯ್ತು."

"ಅವ್ರು ಇಷ್ಟೆಲ್ಲ ಹೇಳಿದ್ರೆ ನೀವ್ಯಾಕೆ ಹಾಕ್ಲಿಲ್ಲ?" ಅವಳು ತಲೆಯೆತ್ತಿ ಕತ್ತರಿ ಅಕ್ಕನ ಮುಖವನ್ನು ದಿಟ್ಟಿಸಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ಕಿರಿದಾಯಿತು. "ನೀವು ಅವ್ರ ತಂಗಿ ಅಲ್ವಾ? ಅಂಗಡಿ ಶುರು ಮಾಡಿದ ದಿನ ನೋಡಿದ್ದೆ. ನೀವು ಹೇಳದೆ ಇನ್ಯಾರು ಹೇಳ್ತಾರೆ ಹೀಗೆ? ಮನೇಲಿ ಕೂತು ನೀವೇ ಬರ್ಕೊಂಡು ಬಂದ್ರೆ ನಂಗೇನು ಗೊತ್ತಾಗುತ್ತೆ? ಪೇಪರಲ್ಲಿ ಬಂದಿದ್ರೆ ನಂಬ್ತಿದ್ದೆ." ಚೀಟಿಯನ್ನು ಮುಟ್ಟದೆ, ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. "ಹೋಗಿ ತಾಯಿ. ದಯವಿಟ್ಟು ಹೋಗಿ."

ಕಚೇರಿಯಲ್ಲಿ ಸಂಪಾದಕರು ಉರಿದುಬೀಳುತ್ತಿದ್ದರು. ಸಂಘದವರ ಹೇಳಿಕೆಯನ್ನು ಯಾರನ್ನು ಕೇಳಿ ತೆಗೆದಿರಿ ಎಂದು ಎಲ್ಲರೆದುರು ಕೂಗಾಡಿದರು. ನಾಳೆ ಅದನ್ನು ಚೌಕಟ್ಟು ಹಾಕಿ ಮೇಲೆ ಹಾಕಬೇಕು ಎಂದರು. ಅವಳು ತಲೆಯಾಡಿಸಿದಳು. "ಕಟ್ಟಡದ ಮಾಲೀಕ ನಮ್ಮಣ್ಣ. ಅವನು ಕ್ಷಮೆ ಕೇಳಿದ್ದಾನೆ. ಅದನ್ನೂ ನಾಳೆ ಹಾಕಿ," ಎಂದಳು. ಸಂಪಾದಕರ ದನಿ ಇಳಿಯಿತು, ಬಹಳ ಮೆತ್ತಗಾಯಿತು. "ಅಯ್ಯೋ, ಮೊದಲೇ ಹೇಳ್ಬಾರದಾ? ಆದ್ರೆ ಈಗ ಹಾಕಿದ್ರೆ ನಮ್ಮವರ ಪರ ಬರೆದ್ರು ಅಂತಾರೆ. ಪತ್ರಿಕೆ ಹೆಸರಿನ ಪ್ರಶ್ನೆ. ನೋಡೋಣ, ಜಾಗ ಇದ್ರೆ ನೋಡೋಣ." ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸ ವರದಿಗಾರ್ತಿ ಮಾತ್ರ ಅವಳನ್ನೇ ನೋಡುತ್ತಿದ್ದಳು.

ಕತ್ತರಿ ಅಕ್ಕ ತನ್ನ ಕುರ್ಚಿಯಲ್ಲಿ ಕೂತು ಚೀಟಿಯನ್ನು ಮೇಜಿನ ಮೇಲೆ ಹರವಿಟ್ಟುಕೊಂಡಳು. ಮೊಳೆಗೆ ಮತ್ತೆ ಚುಚ್ಚಲು ಕೈ ಬರಲಿಲ್ಲ.

ಮೂರೂ ಐವತ್ತಕ್ಕೆ ಫೋನ್ ಬಂತು. ಅವಳಿಗೆ ಭಯವಾಗಲಿಲ್ಲ. ಇನ್ನು ಭಯಪಡುವುದಕ್ಕೆ ಏನು ಉಳಿದಿತ್ತು? ಎತ್ತಿ ಕಿವಿಗಿಟ್ಟುಕೊಂಡಳು. ಇವತ್ತು ಗುಂಯ್ ಎನ್ನಲಿಲ್ಲ.

"ಅಮ್ಮಾ, ಮೂರೇ ನಿಮಿಷ," ಎಂದಿತು ಆ ಪರಿಚಿತ, ಸಂಕೋಚದ ದನಿ. "ಇವತ್ತು ನಂದು ಬಂದಿದೆ. ನೋಡ್ದೆ. ತುಂಬಾ ಉಪಕಾರ ಆಯ್ತಮ್ಮ."

ಅವಳು ಮೇಜಿನ ಮೇಲಿನ ಚೀಟಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಒಂದೇ ಒಂದು ಕೇಳ್ಬೇಕಿತ್ತು, ತಪ್ಪು ತಿಳ್ಕೋಬೇಡಿ. ನನಗೆ ಜಾಗ ಮಾಡೋಕೆ ಯಾರದನ್ನ ತೆಗೆದ್ರಿ?"

ಸುದ್ದಿಮನೆಯ ಸದ್ದೆಲ್ಲ ಎಲ್ಲೋ ದೂರ ಸರಿದ ಹಾಗಾಯಿತು. ಪುಟ ಜೋಡಿಸುವವನು ಎಷ್ಟೋ ಸಾಲು ಜಾಸ್ತಿ ಎಂದು ಕೂಗುತ್ತಿದ್ದ.

"ನಮ್ಮಣ್ಣಂದು ಸರ್," ಎಂದಳು.